ಆಯಿಗೆ ಕೊಲೆ ಕೇಸಿನ ಆಟ ಬೇಕಂತೆ: ಟಿವಿ ಸೀರಿಯಲ್ ಹೆಸರಿನವು ಚೆನ್ನಾಗಿವೆಯಾ?

ತೋಟದಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಈಗ ಮಳೆಗಾಲ. ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ತೋಟದ ಕೆಲಸವೂ ಕಮ್ಮಿ.

ವಿಷಯ ಆಯಿದು, ಅಂದರೆ ನಮ್ಮ ಅಮ್ಮನದು. ವಯಸ್ಸು 67. ಹೋದ ವರ್ಷ ತಂಗಿ ಬಂದವಳು ಹಳೆ ಟ್ಯಾಬ್‌ಗೆ ಕ್ರಿಮಿನಲ್ ಕೇಸ್ ಆಟ ಹಾಕಿಕೊಟ್ಟು ಹೋದಳು. ಒಂದು ಚಿತ್ರ ತೋರಿಸಿ ಅದರೊಳಗೆ ಅಡಗಿರುವ ವಸ್ತು ಹುಡುಕು ಅನ್ನುತ್ತದಲ್ಲ, ಅದು. ಸುಮ್ನೆ ಟೈಂ ಪಾಸ್ ಅಂದುಕೊಂಡಿದ್ದೆವು. ಈಗ ಊಟ ಆದ ಕೂಡಲೇ ಕವಳ ಹಾಕಿಕೊಂಡು ಕೊಲೆಗಾರನ್ನ ಹಿಡಿಯಲು ಕೂರುತ್ತಾರೆ.

ತೊಂದರೆ ಎರಡು. ಒಂದು, ಎನರ್ಜಿ. ತುಂಬಿದ್ದರೆ 110, ಒಂದು ಸೀನ್‌ಗೆ 20 ಹೋಗುತ್ತದೆ. ಐದು ಸೀನ್ ಆಡಿದರೆ ಮುಗಿಯಿತು, ಕಾಯುತ್ತಾ ಕೂರಬೇಕು. ಎರಡು, ಇಂಗ್ಲಿಷ್. ಆಯಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ಅಕ್ಷರ ಕೂಡಿಸಿ ಓದುತ್ತಾರೆ, ಅರ್ಥ ಗೊತ್ತಾಗುವುದಿಲ್ಲ. "ತಮ್ಮಾ, ಕ್ರೋಬಾರ್ ಅಂದ್ರೆ ಎಂಥದೋ?" ಅಂತ ಹಿತ್ತಲಿನಿಂದ ಕೂಗು. ಮೀಟಿಂಗ್ ಮಧ್ಯೆ ನಾನು "ಹಾರೆ ಆಯಿ, ಹಾರೆ!" ಅಂತ ಕೂಗಿ ಮ್ಯಾನೇಜರ್ ಮುಂದೆ ಮರ್ಯಾದೆ ಹೋಯಿತು.

ಈಗ ಅವರ ಬೇಡಿಕೆ: "ಟಿವಿಯಲ್ಲಿ ಬರುವ ಪತ್ತೇದಾರಿ ಕಥೆಯ ಆಟ ಇದ್ದರೆ ಹಾಕಿಕೊಡು." ಹುಡುಕಿದರೆ ಸಿಎಸ್ಐ, ಎನ್‌ಸಿಐಎಸ್, ಕ್ರಿಮಿನಲ್ ಮೈಂಡ್ಸ್ ಅಂತೆಲ್ಲ ಅಮೆರಿಕದ ಪತ್ತೇದಾರಿ ಸೀರಿಯಲ್ ಹೆಸರಿನವು ಬರುತ್ತವೆ. ಆಡಿದವರು ಯಾರಾದರೂ ಇದ್ದೀರಾ? ಯಾವುದು ವಾಸಿ?

ಕಾಳಿ_ದಂಡೆ (ಕಾರವಾರ)
ಸಿಎಸ್ಐ ಹಿಡನ್ ಕ್ರೈಮ್ಸ್ ಹಾಕಿಕೊಡಿ, ಕಣ್ಣು ಮುಚ್ಚಿಕೊಂಡು. ಯುಬಿಸಾಫ್ಟ್‌ನವರದ್ದು, 2014ರಲ್ಲಿ ಬಂತು. ನಾನು ಸಿಎಸ್ಐ ಪೂರ್ತಿ ನೋಡಿದವನು, 15 ಸೀಸನ್. ಲಾಸ್ ವೇಗಸ್‌ನ ಅದೇ ಟೀಮ್ ಆಟದಲ್ಲೂ ಸಿಗುತ್ತದೆ. ವಸ್ತು ಹುಡುಕು, ಲ್ಯಾಬ್‌ಗೆ ಕೊಡು, ಶಂಕಿತರನ್ನು ಮಾತಾಡಿಸು. ಸೀರಿಯಲ್ ಒಳಗೆ ಹೊಕ್ಕ ಹಾಗೆ ಇರುತ್ತದೆ.

ಬಡಾಯಿ_ಬೇಡ (ಕುಮಟಾ)
ಕಣ್ಣು ಮುಚ್ಚಿಕೊಂಡು ಹುಡುಕುವ ಆಟ ಆಡುವುದು ಹೇಗೆ ಮಾರಾಯ.

ಕಾಳಿ_ದಂಡೆ (ಕಾರವಾರ)
ಶುರುವಾಯಿತು ಇವರದ್ದು.

ಬಡಾಯಿ_ಬೇಡ (ಕುಮಟಾ)
ಇಲ್ಲ, ನಿಜವಾಗಿ ಕೇಳುತ್ತೇನೆ. ಇವರ ಆಯಿ ಸಿಎಸ್ಐ ನೋಡಿದ್ದಾರಾ? ಆ ಟೀಮ್ ಬಂದರೇನು, ಬಿಟ್ಟರೇನು? ನಿಮಗೆ ಆ ಮುಖ ಕಂಡರೆ ಖುಷಿ, ಅವರಿಗೆ ಯಾರೋ ಬಿಳಿ ಕೋಟಿನವರು. ಟಿವಿ ಹೆಸರಿನ ಆಟಗಳಲ್ಲಿ ಅರ್ಧ ಮಜಾ ಆ ಗುರುತಿನದ್ದೇ. ಅದನ್ನು ತೆಗೆದರೆ ಉಳಿಯುವುದು ಅದೇ ಎನರ್ಜಿ, ಅದೇ ಕಾಯುವುದು. ಎರಡನ್ನೂ ಆಡಿದ್ದೇನೆ. ಕೇಸು ಕಟ್ಟುವ ರೀತಿಯಲ್ಲಿ ಕ್ರಿಮಿನಲ್ ಕೇಸೇ ಗಟ್ಟಿ.

ಮೀನುಪೇಟೆ (ಹೊನ್ನಾವರ)
ಕ್ರಿಮಿನಲ್ ಕೇಸ್ ಯಾವ ಚಾನೆಲ್‌ನಲ್ಲಿ ಬರುತ್ತಿತ್ತು? ನಾನು ನೋಡಿದ ನೆನಪಿಲ್ಲ.

ಬಡಾಯಿ_ಬೇಡ (ಕುಮಟಾ)
ಯಾವ ಚಾನೆಲ್‌ನಲ್ಲೂ ಇಲ್ಲ, ಅದು ಟಿವಿ ಶೋ ಅಲ್ಲ. ಪ್ರಿಟಿ ಸಿಂಪಲ್ ಅನ್ನುವ ಪ್ಯಾರಿಸ್‌ನ ಕಂಪನಿ ಮಾಡಿದ್ದು. 2012ರಲ್ಲಿ ಫೇಸ್‌ಬುಕ್‌ನಲ್ಲಿ ಬಂತು. 2013ರಲ್ಲಿ ಫೇಸ್‌ಬುಕ್‌ನವರೇ ವರ್ಷದ ಆಟ ಅಂತ ಹೇಳಿದರು. ಮೊಬೈಲ್‌ಗೆ ಬಂದದ್ದು ಆಮೇಲೆ. ಸೀರಿಯಲ್ ಥರ ಇದೆ ಅಂತ ಎಲ್ಲರಿಗೂ ಅನಿಸುತ್ತದೆ, ಅಷ್ಟೆ. ಅದೇ ಅದರ ಜಾಣತನ. ಯಾರಿಗೂ ಲೈಸೆನ್ಸ್ ದುಡ್ಡು ಕೊಡದೆ ಸೀರಿಯಲ್ ಮಜಾ ಕೊಟ್ಟರು.

ಹಳೆ_ಡೆಸ್ಕ್‌ಟಾಪ್ (ಯಲ್ಲಾಪುರ)
ಮೊಬೈಲ್ ಆಟ ಬಿಡಿ. ತೋಟದಮನೆಯವರು ನೆಟ್ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ, ನೀವು ಮೂರು ಜನ ಅದನ್ನು ಓದಲೇ ಇಲ್ಲ.

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದೆಯಾ? ಇದ್ದರೆ ಪಿಸಿ ಕಾಲದ ಆಟ ನೋಡಿ. ಒಂದು ಸಲ ದುಡ್ಡು ಕೊಟ್ಟರೆ ಆಯಿತು. ಎನರ್ಜಿ ಇಲ್ಲ, ಕಾಯುವುದಿಲ್ಲ, ನೆಟ್ ಬೇಡ. ಕರೆಂಟ್ ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಆಡಬಹುದು.

ಸಿಎಸ್ಐ ಹೆಸರಿನ ಮೊದಲ ಪಿಸಿ ಆಟ ಬಂದದ್ದು 2003ರಲ್ಲಿ. ಸೀರಿಯಲ್ ನಟರೇ ದನಿ ಕೊಟ್ಟಿದ್ದರು. 2006ರಲ್ಲಿ ಟೆಲ್‌ಟೇಲ್‌ನವರು ತ್ರೀ ಡೈಮೆನ್ಷನ್ಸ್ ಆಫ್ ಮರ್ಡರ್ ಮಾಡಿದರು, 2007ರಲ್ಲಿ ಹಾರ್ಡ್ ಎವಿಡೆನ್ಸ್. ಆದರೆ ಅವು ಪಟ್ಟಿ ಹಿಡಿದು ವಸ್ತು ಹುಡುಕುವ ಆಟಗಳಲ್ಲ. ಜಾಗದಲ್ಲಿ ಓಡಾಡಬೇಕು, ಕೂದಲು ಸಿಕ್ಕರೆ ಚಿಮಟ ಹಿಡಿಯಬೇಕು, ಬೆರಳಚ್ಚು ಸಿಕ್ಕರೆ ಪುಡಿ ಉದುರಿಸಬೇಕು, ಆಮೇಲೆ ಎರಡು ಅಚ್ಚು ಪಕ್ಕ ಪಕ್ಕ ಇಟ್ಟು ತಾಳೆ ನೋಡಬೇಕು. ಸುಳಿವು ಕೇಳಿದರೆ ಕೊನೆಗೆ ಮಾರ್ಕ್ಸ್ ಕಟ್. ನಿಧಾನದ ಆಟ. ನನಗೆ ಇವತ್ತಿಗೂ ಅದೇ ಇಷ್ಟ. ಆದರೆ ಮಾತು ಜಾಸ್ತಿ, ಎಲ್ಲ ಇಂಗ್ಲಿಷ್. ನಿಮ್ಮ ಆಯಿಗೆ ಕಷ್ಟ.

ಅವರಿಗೆ ಸರಿ ಹೊಂದುವುದು ಬೇರೆ ಒಂದು ಇದೆ: ಮರ್ಡರ್ ಶಿ ರೋಟ್. ಅಮೆರಿಕದಲ್ಲಿ 1984ರಿಂದ 1996ರವರೆಗೆ ಬಂದ ಸೀರಿಯಲ್. ಜೆಸ್ಸಿಕಾ ಫ್ಲೆಚರ್ ಅಂತ ಒಬ್ಬ ಹಿರಿಯ ಹೆಂಗಸು, ಮೊದಲು ಇಂಗ್ಲಿಷ್ ಟೀಚರ್, ಆಮೇಲೆ ಪತ್ತೇದಾರಿ ಕಾದಂಬರಿ ಬರೆಯುವವಳು. ಕ್ಯಾಬಟ್ ಕೋವ್ ಅನ್ನುವ ಕಲ್ಪನೆಯ ಕಡಲೂರು. ದೋಣಿ, ಬಂದರು, ಎಲ್ಲರಿಗೂ ಎಲ್ಲರ ವಿಷಯ ಗೊತ್ತು. ನಮ್ಮ ಕರಾವಳಿಯ ಯಾವ ಊರಾದರೂ ಆಗಬಹುದು. ಲೆಗಸಿ ಇಂಟರಾಕ್ಟಿವ್ ಅನ್ನುವವರು 2009ರಲ್ಲಿ ಅದರ ಆಟ ತಂದರು, 2012ರಲ್ಲಿ ಎರಡನೆಯದು. ಅಪ್ಪಟ ವಸ್ತು ಹುಡುಕುವ ಆಟ. ಪಿಸ್ತೂಲು ಹಿಡಿದು ಓಡುವವರು ಯಾರೂ ಇಲ್ಲ.

ತೋಟದಮನೆ (ಶಿರಸಿ)
ಅಯ್ಯೋ, ಇದು ಚೆನ್ನಾಗಿದೆ. ಆಯಿಗೆ ಹೇಳಿದೆ. "ಅವಳಿಗೆ ಮಕ್ಕಳು ಮರಿ ಇಲ್ಲವಾ, ಊರವರ ಪಂಚಾಯ್ತಿಕೆ ಯಾಕೆ?" ಅಂತ ಮೊದಲ ಪ್ರಶ್ನೆ.

ನೌಕೆ_ನಂಟ (ಕಾರವಾರ)
ಎನ್‌ಸಿಐಎಸ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಊರಿಗೆ ಅದೇ ಸರಿ. ಅದು ಅಮೆರಿಕದ ನೌಕಾಪಡೆಯಲ್ಲಿ ಆಗುವ ಅಪರಾಧಗಳ ಕಥೆ. ಸೀರಿಯಲ್ 2003ರಲ್ಲಿ ಶುರು, ನಮ್ಮ ಕದಂಬ ನೌಕಾನೆಲೆ 2005ರಲ್ಲಿ ಶುರು. ಎರಡೂ ಹೆಚ್ಚು ಕಮ್ಮಿ ಒಂದೇ ವಯಸ್ಸು.

ಅದರ ಹೆಸರಲ್ಲೂ ಹಿಡನ್ ಕ್ರೈಮ್ಸ್ ಅಂತ ಮೊಬೈಲ್ ಆಟ ಬಂದಿತ್ತು. ಮುಖ್ಯಸ್ಥ ಗಿಬ್ಸ್, ಲ್ಯಾಬ್‌ನಲ್ಲಿ ಆ್ಯಬಿ. ಆಡುವ ರೀತಿ ಸಿಎಸ್ಐ ಆಟದಂತೆಯೇ. ಹೆಸರು ಬದಲಿಸಿದರೆ ಗೊತ್ತಾಗುವುದಿಲ್ಲ.

ಕಾಳಿ_ದಂಡೆ (ಕಾರವಾರ)
ಗೊತ್ತಾಗುವುದಿಲ್ಲ ಅನ್ನುವವರು ಸೀರಿಯಲ್ ನೋಡಿಲ್ಲ ಅಂತ ಅರ್ಥ.

ನೌಕೆ_ನಂಟ (ಕಾರವಾರ)
ಸೀರಿಯಲ್ ಬೇರೆ, ಆಟ ಬೇರೆ ಅಣ್ಣಾ. ನಾನು ಹೇಳಿದ್ದು ಆಟದ ವಿಷಯ. ಎರಡರಲ್ಲೂ ಒಂದು ಚಿತ್ರ, ಕೆಳಗೆ ಪಟ್ಟಿ, ಪಕ್ಕದಲ್ಲಿ ಲ್ಯಾಬ್, ಮೂಲೆಯಲ್ಲಿ "ಎನರ್ಜಿ ಖರೀದಿಸಿ". ನಾಲ್ಕು ಬಣ್ಣದ ಕವರ್‌ನಲ್ಲಿ ಒಂದೇ ಬಿಸ್ಕತ್ತು.

ಸೀಬರ್ಡ್_ಮಗಳು
ನೌಕಾನೆಲೆ ಹೆಸರು ಬಂದದ್ದಕ್ಕೆ ಒಂದು ಮಾತು. ನೀವು ಅದರ ವಯಸ್ಸು ಲೆಕ್ಕ ಹಾಕುವುದು 2005ರಿಂದ. ನಮ್ಮನೆಯಲ್ಲಿ ಲೆಕ್ಕ ಶುರುವಾಗುವುದು ಅದಕ್ಕೆ ಜಾಗ ಕೊಟ್ಟು ಊರು ಬಿಟ್ಟ ದಿನದಿಂದ. ಅಜ್ಜನ ಮನೆಯ ಬಾವಿ ಈಗ ಬೇಲಿಯ ಒಳಗಿದೆ. ಇಷ್ಟೇ. ಆಟದ ಚರ್ಚೆ ಮುಂದುವರಿಸಿ.

ನೌಕೆ_ನಂಟ (ಕಾರವಾರ)
ಬೇಸರ ಮಾಡಿಕೊಳ್ಳಬೇಡಿ ಅಕ್ಕಾ, ತಮಾಷೆಗೆ ಹೇಳಿದ್ದು.

ಸೀಬರ್ಡ್_ಮಗಳು
ಇಲ್ಲ ತಮ್ಮಾ. ಹಾಂ, ಕ್ರಿಮಿನಲ್ ಕೇಸ್ ನಾನೂ ಆಡುತ್ತೇನೆ. ಆಟದ ಮೊದಲ ಊರು ಗ್ರಿಮ್ಸ್‌ಬರೋದ 56 ಕೇಸು ಮುಗಿಸಿ ಮುಂದಿನ ಊರು ಪೆಸಿಫಿಕ್ ಬೇಗೆ ಹೋಗಿದ್ದೇನೆ.

ಬಡಾಯಿ_ಬೇಡ (ಕುಮಟಾ)
ಅದಕ್ಕೇ ಹೇಳಿದ್ದು! ಕ್ರಿಮಿನಲ್ ಕೇಸ್‌ನಲ್ಲಿ ಪತ್ತೆ ಅನ್ನುವುದಕ್ಕೆ ಒಂದು ಅರ್ಥ ಇದೆ. ಕೊಲೆಗಾರನ ಲಕ್ಷಣ ಒಂದೊಂದೇ ಬಿಡುತ್ತಾರೆ. ಸಿಗರೇಟು ಸೇದುವವನು, ಕಣ್ಣಿನ ಬಣ್ಣ ಇಂಥದ್ದು, ರಕ್ತದ ಗುಂಪು ಇಂಥದ್ದು. ಶಂಕಿತರ ಪಟ್ಟಿ ಪಕ್ಕದಲ್ಲಿಟ್ಟು ಒಬ್ಬೊಬ್ಬರನ್ನೇ ಕೈಬಿಡುತ್ತಾ ಹೋಗಬೇಕು. ಇಂಗ್ಲಿಷ್ ಬರದಿದ್ದರೂ ಚಿತ್ರ ನೋಡಿಯೇ ಮಾಡಬಹುದು.

ಹಳೆ_ಡೆಸ್ಕ್‌ಟಾಪ್ (ಯಲ್ಲಾಪುರ)
ಮಾಡಬಹುದು, ಆದರೆ ತಪ್ಪು ಮಾಡಿದರೆ ಏನಾಗುತ್ತದೆ? ಮತ್ತೊಮ್ಮೆ ಆರಿಸು ಅನ್ನುತ್ತದೆ. ನಿರಪರಾಧಿಯನ್ನು ಹಿಡಿದದ್ದಕ್ಕೆ ಏನೂ ಇಲ್ಲ. ಅದು ಪತ್ತೇದಾರಿಕೆಯಾ?

ಇನ್ನೊಂದು. ಅದರಲ್ಲಿ ಮುಂದೆ ಹೋಗಲು ನಕ್ಷತ್ರ ಬೇಕು. ಮಾತಾಡಿಸಲು ಒಂದು, ಸಾಕ್ಷ್ಯ ನೋಡಲು ಒಂದು. ನಕ್ಷತ್ರಕ್ಕೆ ಅಂಕ ಬೇಕು. ಅಂಕಕ್ಕೆ ಬೇಗ ಬೇಗ ಹುಡುಕಬೇಕು. ಹಾಗಾಗಿ ಅದೇ ಸೀನ್ ಮತ್ತೆ ಮತ್ತೆ ಆಡುವುದು. ಐದನೇ ಸಲ ಆಡುವಾಗ ಅದು ಪತ್ತೆಯಲ್ಲ, ಬಾಯಿಪಾಠ.

ತೋಟದಮನೆ (ಶಿರಸಿ)
ಇಲ್ಲೊಂದು ವಿಷಯ ಹೇಳಲೇಬೇಕು. ಆಯಿಗೆ ಆ ಬಾಯಿಪಾಠದ ಭಾಗವೇ ಇಷ್ಟ! ಪದ ಅರ್ಥವಾಗದಿದ್ದರೂ ಜಾಗ ನೆನಪು. "ಈ ಉದ್ದ ಹೆಸರಿನದ್ದು ಕಿಟಕಿ ಕೆಳಗೆ ಇರುತ್ತದೆ" ಅಂತ ಮುಟ್ಟುತ್ತಾರೆ. ಅಡಿಕೆ ರಾಶಿಯಲ್ಲಿ ಕೆಟ್ಟದ್ದನ್ನು ಆರಿಸಿ ಆರಿಸಿ ಕಣ್ಣು ಪಳಗಿದೆ. ಕಣ್ಣಿಗೆ ತೊಂದರೆ ಇಲ್ಲ. ತೊಂದರೆ ಹೆಸರಿನದ್ದೇ.

ನಿನ್ನೆ ಬಂದ ಪದ "ಸೆಕ್ಸ್‌ಟಂಟ್". ನನಗೂ ಗೊತ್ತಿಲ್ಲ. ಆಯಿ ಮುಂದೆ ಗಟ್ಟಿಯಾಗಿ ಓದಲೂ ಮುಜುಗರ. ಯಾರಾದರೂ ಹೇಳಿ.

ನೌಕೆ_ನಂಟ (ಕಾರವಾರ)
ಹಹ್ಹಾ. ಅದು ಹಡಗಿನ ಉಪಕರಣ. ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಮೇಲೆ ಇದೆ ಅಂತ ಕೋನ ಅಳೆಯುವುದು. ಅದರಿಂದ ಸಮುದ್ರದ ಮಧ್ಯೆ ನಾವು ಯಾವ ಅಕ್ಷಾಂಶದಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತಾರೆ. ಕಮಾನಿನಂಥ ಹಿತ್ತಾಳೆ ಚೌಕಟ್ಟು, ಪುಟ್ಟ ದುರ್ಬೀನು, ಎರಡು ಕನ್ನಡಿ. ರೊಟ್ಟಿಯನ್ನು ಆರು ಭಾಗ ಮಾಡಿದರೆ ಸಿಗುವ ಒಂದು ತುಂಡಿನ ಆಕಾರ ಅನ್ನಿ. ಈಗ ಬೈತಖೋಲ್‌ನ ದೋಣಿಯವರೂ ಜಿಪಿಎಸ್ ನೋಡಿಕೊಂಡು ಹೋಗುತ್ತಾರೆ.

ಮೇಷ್ಟ್ರು_ನಿವೃತ್ತ (ಅಂಕೋಲಾ)
ಈ ಪದಗಳ ವಿಷಯ ಬಹಳ ಸರಿ. ಈ ಆಟಗಳಲ್ಲಿ ಬರುವ ಸಾಮಾನು ನಮ್ಮ ಮನೆಯಲ್ಲಿ ಇರುವಂಥದ್ದಲ್ಲ. ಓಕ್ ಮರದ ಕಾಯಿ, ಕುದುರೆ ಲಾಳ, ಗಾರ್ಗಾಯ್ಲ್, ಹಾಕಿ ಪಕ್, ಬೋ ಟೈ. ನಮ್ಮ ಹೆಂಗಸರು ಕಣ್ಣಲ್ಲಿ ಸೋಲುವುದಿಲ್ಲ, ಸಾಮಾನಿನಲ್ಲಿ ಸೋಲುತ್ತಾರೆ. ಥಿಂಬಲ್ ಅಂದಾಗ ಕಷ್ಟಪಡುವವರೇ ಹೊಲಿಗೆ ಪೆಟ್ಟಿಗೆಯಿಂದ ಅಂಗುಸ್ತಾನ ತೆಗೆದು ಬೆರಳಿಗೆ ಹಾಕಿಕೊಳ್ಳುತ್ತಾರೆ.

ಕವಳದ_ಬಟ್ಟಲು (ಸಿದ್ದಾಪುರ)
ಹಾಗಾದರೆ ನಮ್ಮದೇ ಒಂದು ಆಟ ಮಾಡೋಣ. ಸೀನ್ ಒಂದು: ಹವ್ಯಕರ ಮನೆಯ ಜಗಲಿ. ಹುಡುಕಿ: ಅಡಕತ್ತರಿ, ಸುಣ್ಣದ ಡಬ್ಬಿ, ಹಾಳೆ ಟೊಪ್ಪಿ, ಮೆಟ್ಟುಗತ್ತಿ, ಕಡಗೋಲು, ದೋಟಿ, ಮಂಗ ಓಡಿಸುವ ಕವಣೆ.

ಮೀನುಪೇಟೆ (ಹೊನ್ನಾವರ)
ಸೀನ್ ಎರಡು: ಬಂದರು. ರಂಪಣಿ ಬಲೆಯ ತುಂಡು, ಗಾಳ, ಐಸ್ ಪೆಟ್ಟಿಗೆ, ಹರಿದ ಚಪ್ಪಲಿ ಒಂದೇ ಕಾಲಿನದ್ದು, ಬಂಗಡೆ ಕಚ್ಚಿಕೊಂಡ ಬೆಕ್ಕು. ಬೆಕ್ಕೇ ಕೊಲೆಗಾರ.

ಕವಳದ_ಬಟ್ಟಲು (ಸಿದ್ದಾಪುರ)
ಕೊಲೆಗಾರ ಕೊನೆಗೌಡ ಅಂತ ಮಾಡಬೇಡಿ ಮತ್ತೆ. ಈ ವರ್ಷ ಕೊನೆ ಕೊಯ್ಯಲು ಬರುವವರೇ ಸಿಗುವುದಿಲ್ಲ.

ಹಳೆ_ಡೆಸ್ಕ್‌ಟಾಪ್ (ಯಲ್ಲಾಪುರ)
ಅಡಿಕೆ ವಿಷಯಕ್ಕೆ ಹೋಗಬೇಡಿ, ಚರ್ಚೆ ವಾಪಸ್ ಬರುವುದಿಲ್ಲ.

ಖಾಕಿ_ಮನೆ (ಕಾರವಾರ)
ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ಈಗ ನಿವೃತ್ತರು. ನಾನು ಸಿಎಸ್ಐ ಆಟ ಆಡುವುದನ್ನು ಹಿಂದಿನಿಂದ ನೋಡಿ ಒಂದು ದಿನ ನಕ್ಕರು. "ಈ ಹುಡುಗಿ ಕೈಗವಸು ಹಾಕದೆ ಚಾಕು ಎತ್ತಿದಳು. ಮಹಜರು ಯಾರು ಬರೆದರು? ಸಾಕ್ಷಿಗೆ ನಿಲ್ಲುವ ಪಂಚರು ಎಲ್ಲಿ?"

ಅಪ್ಪನ ಲೆಕ್ಕದಲ್ಲಿ ನಿಜವಾದ ಕೆಲಸ ಎತ್ತುವುದರಲ್ಲಿಲ್ಲ, ಎತ್ತುವ ಮೊದಲು ಇದೆ. ಮೊದಲು ಫೋಟೋ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಜಾಗದ ನಕ್ಷೆ. ವಸ್ತು ಎಲ್ಲಿತ್ತು, ಹೇಗಿತ್ತು ಅಂತ ಪಂಚರ ಮುಂದೆ ಬರೆದು ಸಹಿ. ಆಮೇಲೆ ಕವರ್, ಅರಗಿನ ಮುದ್ರೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಪ್ರತಿ ಸಲ ದಾಖಲೆ. ಇದರಲ್ಲಿ ಒಂದು ಕೊಂಡಿ ತಪ್ಪಿದರೆ ಕೋರ್ಟ್‌ನಲ್ಲಿ ವಕೀಲರು ಅಲ್ಲೇ ಹಿಡಿಯುತ್ತಾರೆ. ಆಟದಲ್ಲಿ ಮುಟ್ಟಿದ ಕೂಡಲೇ ಸಾಮಾನು ಹಾರಿ ಚೀಲಕ್ಕೆ ಬೀಳುತ್ತದೆ.

ಕಾರವಾರದಲ್ಲಿ ಲ್ಯಾಬ್ ಇದೆಯಾ? ಇಲ್ಲ. ರಾಜ್ಯದ ದೊಡ್ಡ ಎಫ್‌ಎಸ್‌ಎಲ್, ಅಂದರೆ ಸಾಕ್ಷ್ಯ ಪರೀಕ್ಷಿಸುವ ಫೊರೆನ್ಸಿಕ್ ಲ್ಯಾಬ್, ಬೆಂಗಳೂರಿನ ಮಡಿವಾಳದಲ್ಲಿ. ಮಂಗಳೂರು, ಬೆಳಗಾವಿ ಕಡೆ ಪ್ರಾದೇಶಿಕ ಲ್ಯಾಬ್‌ಗಳಿವೆ. ಸೀಲ್ ಮಾಡಿದ್ದನ್ನು ಹಿಡಿದುಕೊಂಡು ಸಿಬ್ಬಂದಿ ಹೋಗಬೇಕು. ಆಟದಲ್ಲಿ ಡಿಎನ್ಎಗೆ ಕೆಲವು ಗಂಟೆ ಕಾಯಿ ಅಂದರೆ ನಾವು ಬೈಯುತ್ತೇವೆ. ಅಪ್ಪ ಅಂದರು, "ಗಂಟೆ ಲೆಕ್ಕವಾ? ಪುಣ್ಯವಂತರು."

ಕಾಳಿ_ದಂಡೆ (ಕಾರವಾರ)
ಈಗ ನಿಯಮ ಬದಲಾಗಿದೆ ಅಲ್ವಾ? 2024 ಜುಲೈ 1ರಿಂದ ಹೊಸ ಕಾನೂನು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ಫೊರೆನ್ಸಿಕ್ ತಜ್ಞರೇ ಸ್ಥಳಕ್ಕೆ ಬರಬೇಕು.

ಖಾಕಿ_ಮನೆ (ಕಾರವಾರ)
ಹೌದು, ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್. ರಾಜ್ಯಗಳಿಗೆ ಅದನ್ನು ಜಾರಿ ಮಾಡಲು ಐದು ವರ್ಷದವರೆಗೆ ಸಮಯ ಕೊಟ್ಟಿದ್ದಾರೆ. ಶೋಧ, ಜಪ್ತಿ ಮಾಡುವಾಗ ವಿಡಿಯೋ ಕೂಡ ಕಡ್ಡಾಯ ಈಗ. "ನಮ್ಮ ಕಾಲದಲ್ಲಿ ಕಾರ್ಬನ್ ಪೇಪರ್ ಸಿಕ್ಕಿದರೆ ಸಾಕಿತ್ತು" ಅನ್ನುತ್ತಾರೆ ಅಪ್ಪ.

ಕಾಳಿ_ದಂಡೆ (ಕಾರವಾರ)
ಅಷ್ಟಾದರೂ ಸಿಎಸ್ಐನಿಂದ ನಾಲ್ಕು ವಿಷಯ ಕಲಿತೆ ಅನ್ನುವುದು ಸುಳ್ಳಲ್ಲ. ಲುಮಿನಾಲ್ ಅಂದರೆ ಏನು ಅಂತ ಅದರಿಂದಲೇ ಗೊತ್ತಾದದ್ದು. ಅದೊಂದು ರಾಸಾಯನಿಕ, ಸಿಂಪಡಿಸಿದರೆ ತೊಳೆದ ರಕ್ತವನ್ನೂ ತೋರಿಸುತ್ತದೆ.

ಮೇಷ್ಟ್ರು_ನಿವೃತ್ತ (ಅಂಕೋಲಾ)
ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದಿಂದ ಆ ಕ್ರಿಯೆ ನಡೆಯುತ್ತದೆ, ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ, ಅದೂ ಸ್ವಲ್ಪ ಹೊತ್ತು ಮಾತ್ರ. ಆದರೆ ಬ್ಲೀಚಿಂಗ್ ಹಾಕಿ ತೊಳೆದ ನೆಲವೂ ಹೊಳೆಯುತ್ತದೆ! ಹಾಗಾಗಿ ಹೊಳೆದದ್ದೆಲ್ಲ ರಕ್ತ ಅಲ್ಲ, ಮತ್ತೆ ಪರೀಕ್ಷೆ ಮಾಡಬೇಕು. ಸೀರಿಯಲ್‌ನವರು ಅಲ್ಲಿಗೇ ಕೈ ಬಿಡುತ್ತಾರೆ. ನಮ್ಮ ಬಚ್ಚಲುಮನೆಗೆ ಹೊಡೆದರೆ ಹತ್ತು ಕೊಲೆ ಆದ ಹಾಗೆ ಕಾಣಬಹುದು.

ಇನ್ನೊಂದು, ಬೆರಳಚ್ಚು ಅಂದರೆ ಅಮೆರಿಕ, ಲಂಡನ್ ಅಂದುಕೊಳ್ಳುತ್ತಾರೆ ಮಕ್ಕಳು. ಬೆರಳಚ್ಚು ಕಚೇರಿ 1897ರಲ್ಲೇ ಕಲ್ಕತ್ತಾದಲ್ಲಿ ಶುರುವಾಗಿತ್ತು. ಅಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಹೆನ್ರಿ ಅನ್ನುವ ಇಂಗ್ಲಿಷ್ ಅಧಿಕಾರಿಯ ಹೆಸರು ಬಂತು. ಅದರ ಹಿಂದೆ ದುಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್.

ಕವಳದ_ಬಟ್ಟಲು (ಸಿದ್ದಾಪುರ)
ಮೇಷ್ಟ್ರೇ ನಿಮ್ಮ ಕ್ಲಾಸಲ್ಲಿ ಕೂತಿದ್ದರೆ ನಾನು ಪಾಸಾಗುತ್ತಿದ್ದೆ.

ಸಾತ್ವಿಕ_ಸಂಜೆ
ಎಲ್ಲರೂ ನಗುತ್ತಿದ್ದೀರಿ. 67 ವರ್ಷದ ತಾಯಿಗೆ ದಿನಾ ಹೆಣ, ರಕ್ತ, ಕೊಲೆ ಬೇಕಾ? ಒಂದು ಒಳ್ಳೆಯ ಭಜನೆ, ಪುಸ್ತಕ ಕೊಡಿ.

ಬಡಾಯಿ_ಬೇಡ (ಕುಮಟಾ)
ಕೀಚಕ ವಧೆ ಪ್ರಸಂಗ ಇದ್ದರೆ ಬೆಳಗಿನ ಜಾವದವರೆಗೆ ಗದ್ದೆಯಲ್ಲಿ ಚಾಪೆ ಹಾಸಿ ಕೂರುವವರು ನಾವು. ಅದರಲ್ಲಿ ಹೆಣ ಬೀಳುವುದಿಲ್ಲವಾ?

ಸಾತ್ವಿಕ_ಸಂಜೆ
ಅದರಲ್ಲಿ ಧರ್ಮ ಇದೆ.

ಬಡಾಯಿ_ಬೇಡ (ಕುಮಟಾ)
ಇದರಲ್ಲಿ ಕೈಕೋಳ ಇದೆ.

ತೋಟದಮನೆ (ಶಿರಸಿ)
ಸಾತ್ವಿಕ ಅವರೇ, ಆಯಿ ಭಜನೆಯನ್ನೂ ಬಿಟ್ಟಿಲ್ಲ. ಆರು ಗಂಟೆಗೆ ಭಜನೆ, ಎಂಟಕ್ಕೆ ಶವಪರೀಕ್ಷೆ.

ಬಾಗಿಲು_ಒಡೆ (ಭಟ್ಕಳ)
ಟಿವಿ ಪತ್ತೇದಾರಿ ಅಂತ ಇಷ್ಟುದ್ದ ಮಾತಾಡಿ ನಮ್ಮ ಸಿಐಡಿ ಹೆಸರನ್ನೇ ಎತ್ತಲಿಲ್ಲವಲ್ಲ! 1998ರಿಂದ 2018, ಇಪ್ಪತ್ತು ವರ್ಷ. ಮತ್ತೆ 2024ರ ಡಿಸೆಂಬರ್‌ನಲ್ಲಿ ವಾಪಸ್. ಬಾಗಿಲು ಒಡೆಯುವ ದಯಾ ಪಾತ್ರದ ದಯಾನಂದ ಶೆಟ್ಟಿ ಉಡುಪಿ ಹತ್ತಿರದ ಕಟಪಾಡಿಯವರು. ನಮ್ಮ ಕರಾವಳಿಯವರೇ.

ನೌಕೆ_ನಂಟ (ಕಾರವಾರ)
ಸಿಐಡಿ ವಸ್ತು ಹುಡುಕುವ ಆಟ ಆದರೆ ಪಟ್ಟಿಯಲ್ಲಿ ಒಂದೇ ವಸ್ತು: ಬಾಗಿಲು.

ಮೇಷ್ಟ್ರು_ನಿವೃತ್ತ (ಅಂಕೋಲಾ)
ನಮ್ಮ ಕಾಲಕ್ಕೆ ದೂರದರ್ಶನದ ಕರಮಚಂದ್. 1985. ಕ್ಯಾರೆಟ್ ಕಚ್ಚುತ್ತಾ ಯೋಚಿಸುವ ಪಂಕಜ್ ಕಪೂರ್. ಆಮೇಲೆ 1993ರಲ್ಲಿ ಬ್ಯೋಮಕೇಶ್ ಬಕ್ಷಿ. ಇಡೀ ಬೀದಿಗೆ ಒಂದು ಟಿವಿ. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಉಳಿದದ್ದನ್ನು ನಾವೇ ಊಹಿಸುತ್ತಿದ್ದೆವು. ಹಾಗಾಗಿ ನಮ್ಮ ಪಾಲಿಗೆ ಪತ್ತೇದಾರಿಕೆ ಡಬಲ್.

ತೋಟದಮನೆ (ಶಿರಸಿ)
ಮೇಷ್ಟ್ರೇ, ಆಯಿ ಮನಸ್ಸಿನಲ್ಲಿ ಇದ್ದ "ಟಿವಿಯ ಪತ್ತೇದಾರಿ" ಅದೇ ಬ್ಯೋಮಕೇಶ್! ಈಗ ಕೇಳಿದೆ. "ಆ ಪಂಚೆ ಉಟ್ಟವನದ್ದು ಸಿಗುತ್ತದಾ?" ಅಂದರು. ನಾನು ಇಷ್ಟು ದಿನ ಲಾಸ್ ವೇಗಸ್ ಹುಡುಕುತ್ತಿದ್ದೆ.

ಕಿಸೆ_ಖಾಲಿ (ಮುಂಡಗೋಡ)
ಒಂದು ಎಚ್ಚರಿಕೆ, ಯಾವ ಆಟ ಅಂತ ಹೇಳುವುದಿಲ್ಲ. ಮಗನ ಕೈಗೆ ಫೋನ್ ಕೊಟ್ಟಿದ್ದೆ. ಪಾಸ್‌ವರ್ಡ್ ಕೇಳದ ಹಾಗೆ ಸೆಟ್ಟಿಂಗ್ ಇತ್ತು. ಎನರ್ಜಿ, ಸುಳಿವು, ಪೊಲೀಸ್ ನಾಯಿಗೆ ಬಿಸ್ಕತ್ತು ಅಂತ ಒಂದು ವಾರದಲ್ಲಿ 1,860 ರೂಪಾಯಿ. ನಮ್ಮನೆ ನಾಯಿಗೆ ನಾನು ಅಷ್ಟು ಖರ್ಚು ಮಾಡಿಲ್ಲ. ಆಯಿಯ ಟ್ಯಾಬ್‌ನಲ್ಲಿ ಮೊದಲು ಖರೀದಿಗೆ ಪಾಸ್‌ವರ್ಡ್ ಹಾಕಿ.

ಸೀಬರ್ಡ್_ಮಗಳು
ಇದು ನೂರಕ್ಕೆ ನೂರು ಸರಿ. ನಾನು ಕ್ರಿಮಿನಲ್ ಕೇಸ್‌ನಲ್ಲಿ ಒಂದು ರೂಪಾಯಿ ಹಾಕಿಲ್ಲ. ಬೆಳಿಗ್ಗೆ ಅಡುಗೆಗೆ ಮೊದಲು ಐದು ಸೀನ್, ರಾತ್ರಿ ಐದು. ಎನರ್ಜಿ ಮುಗಿದರೆ ಬಿಟ್ಟು ಏಳುವುದು. ಒಂದು ಲೆಕ್ಕದಲ್ಲಿ ಆ ಮಿತಿ ಇದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಅನ್ನ ಸೀದು ಹೋಗುತ್ತಿತ್ತು. ಸಿಎಸ್ಐ ಆಟವನ್ನೂ ಸ್ವಲ್ಪ ದಿನ ಆಡಿದೆ. ಅದರ ಚಿತ್ರಗಳು ಕತ್ತಲು ಕತ್ತಲು. ನನ್ನ ಫೋನ್ ಸಣ್ಣದು, ಕನ್ನಡಕ ಹಾಕಿದರೂ ಕಾಣುತ್ತಿರಲಿಲ್ಲ. ವಯಸ್ಸಾದವರಿಗೆ ಕಥೆಗಿಂತ ಇದು ಮುಖ್ಯ: ಪರದೆ ದೊಡ್ಡದಿರಬೇಕು, ಚಿತ್ರ ಬೆಳಕಾಗಿರಬೇಕು, ಸೆಕೆಂಡಿನ ಗಡಿಯಾರ ಓಡಬಾರದು.

ಕಾಳಿ_ದಂಡೆ (ಕಾರವಾರ)
ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಆಗುತ್ತಿತ್ತು ಅಕ್ಕಾ.

ಸೀಬರ್ಡ್_ಮಗಳು
ಅದು ನನಗೂ ಗೊತ್ತಿದೆ ತಮ್ಮಾ.

ಹಳೆ_ಡೆಸ್ಕ್‌ಟಾಪ್ (ಯಲ್ಲಾಪುರ)
ಟಿವಿ ಹೆಸರಿನ ಆಟಗಳಿಗೆ ಇನ್ನೊಂದು ದೋಷ ಇದೆ. ಹೆಸರು ಬಾಡಿಗೆಯದ್ದು. ಒಪ್ಪಂದ ಮುಗಿದರೆ ಆಟವನ್ನು ಅಂಗಡಿಯಿಂದ ತೆಗೆಯುತ್ತಾರೆ. ಸರ್ವರ್ ಮೇಲೆ ನಡೆಯುವ ಮೊಬೈಲ್ ಆಟವಾದರೆ ನೀವು ಎಷ್ಟನೇ ಕೇಸಿನಲ್ಲಿದ್ದರೂ ಒಂದು ದಿನ ಬಾಗಿಲು ಹಾಕಿಬಿಡುತ್ತಾರೆ. ಸ್ವಂತ ಕಥೆಯವು ಹೆಚ್ಚು ಬಾಳುತ್ತವೆ. ಕ್ರಿಮಿನಲ್ ಕೇಸ್ ಇಷ್ಟು ವರ್ಷ ಉಳಿದದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಜೂನ್ಸ್ ಜರ್ನಿಯೂ ಹಾಗೇ. ಬರ್ಲಿನ್‌ನ ವೂಗಾ ಮಾಡಿದ್ದು, 2017. ಕಥೆ 1920ರ ದಶಕದ್ದು, ಚಿತ್ರಗಳು ಚಂದ, ಬೆಳಕು ಬೆಳಕಾಗಿವೆ. ಆದರೆ ಅದರಲ್ಲೂ ಎನರ್ಜಿ ಇದೆ. ಜೊತೆಗೆ ದ್ವೀಪಕ್ಕೆ ಹೂಕುಂಡ ಇಡುವ ಕೆಲಸ.

ಬಡಾಯಿ_ಬೇಡ (ಕುಮಟಾ)
ಮೊದಲ ಸಲ ನೀವು ಕ್ರಿಮಿನಲ್ ಕೇಸ್ ಪರವಾಗಿ ಮಾತಾಡಿದ್ದೀರಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ಮೀನುಪೇಟೆ (ಹೊನ್ನಾವರ)
ಲಾ ಆ್ಯಂಡ್ ಆರ್ಡರ್ ಹೆಸರಿನದ್ದೂ ಒಂದು ಇದೆಯಂತೆ, ಹೇಗೆ?

ಹಳೆ_ಡೆಸ್ಕ್‌ಟಾಪ್ (ಯಲ್ಲಾಪುರ)
ಲೆಗಸೀಸ್. ಟೆಲ್‌ಟೇಲ್ ಮಾಡಿದ್ದು, 2011. ಅರ್ಧ ಪೊಲೀಸ್, ಅರ್ಧ ಕೋರ್ಟ್. ಎದುರಿನವರು ಹೇಳಿದ್ದು ನಿಜವಾ ಸುಳ್ಳಾ ಅಂತ ನಾವು ಆರಿಸಬೇಕು. ವಸ್ತು ಹುಡುಕುವುದಲ್ಲ, ಮಾತು ಹುಡುಕುವುದು. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಮಾತ್ರ.

ತೋಟದಮನೆ (ಶಿರಸಿ)
ಮೂರು ವಾರ ಆಯಿತು, ವರದಿ ಒಪ್ಪಿಸಬೇಕಲ್ಲ. ಮೊದಲು ಟ್ಯಾಬ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿದೆ. ಆಮೇಲೆ ಹಳೆ ಲ್ಯಾಪ್‌ಟಾಪ್ ಒರೆಸಿ, ಜೆಸ್ಸಿಕಾ ಆಟ ಹುಡುಕಿ ಹಾಕಿದೆ. ಮೌಸ್ ಹಿಡಿಯಲು ಆಯಿಗೆ ಎರಡು ದಿನ ಬೇಕಾಯಿತು. ಮೂರನೇ ದಿನ ಗುಡುಗು, ಕರೆಂಟ್ ಇಲ್ಲ, ನೆಟ್ ಇಲ್ಲ, ಬ್ಯಾಟರಿಯಲ್ಲಿ ಒಂದೂವರೆ ತಾಸು ಕೂತರು. ಹಳೆ ಡೆಸ್ಕ್‌ಟಾಪ್ ಅವರಿಗೆ ಒಂದು ಡಬ್ಬಿ ತೊಡದೇವು ಬಾಕಿ ಇದೆ.

ಕಥೆ ನಾನು ಓದಿ ಹೇಳುತ್ತೇನೆ, ಹುಡುಕುವುದು ಅವರು. ಎರಡನೇ ಕೇಸು ಮುಗಿದ ಮೇಲೆ ಆಯಿ ಹೇಳಿದ್ದು: "ಈ ಹೆಂಗಸು ಹೋದಲ್ಲೆಲ್ಲ ಒಂದು ಹೆಣ. ನಮ್ಮನೆ ಕಡೆ ಕರೆಯಬೇಡ ತಮ್ಮಾ."

ಆದರೆ ಕ್ರಿಮಿನಲ್ ಕೇಸ್ ಬಿಟ್ಟಿಲ್ಲ. ಜೆಸ್ಸಿಕಾ ಮಳೆ ಬಂದಾಗ, ಅದು ನೆಟ್ ಬಂದಾಗ. ಸಿಎಸ್ಐ ತೋರಿಸಲಿಲ್ಲ, ಕಾಳಿ ದಂಡೆಯವರು ಕ್ಷಮಿಸಬೇಕು.

ಮತ್ತೆ, ಹಾಲಿನ ಲೆಕ್ಕ ಬರೆಯುವ ಪುಸ್ತಕ ನೋಡಿದೆ ನಿನ್ನೆ. ಹಿಂದಿನ ಪುಟಗಳಲ್ಲಿ ಕನ್ನಡ ಅಕ್ಷರದಲ್ಲಿ ಪದ, ಪಕ್ಕದಲ್ಲಿ ಅರ್ಥ. ಕ್ರೋಬಾರ್: ಹಾರೆ. ಥಿಂಬಲ್: ಅಂಗುಸ್ತಾನ. ಸೆಕ್ಸ್‌ಟಂಟ್: ಹಡಗಿನವರ ರೊಟ್ಟಿ. ಒಟ್ಟು 61 ಪದ. ಒಂದರ ಮುಂದೆ ಖಾಲಿ ಇದೆ: ಆ್ಯನ್‌ವಿಲ್. ಹೇಳಿಬಿಡಿ ಯಾರಾದರೂ.

ಕಾಳಿ_ದಂಡೆ (ಕಾರವಾರ)
ಕ್ಷಮಿಸಿದೆ. ಆದರೆ ಒಂದು ಸಲ ತೋರಿಸಿ ನೋಡಬಹುದಿತ್ತು.

ಮೇಷ್ಟ್ರು_ನಿವೃತ್ತ (ಅಂಕೋಲಾ)
ಅಡಿಗಲ್ಲು. ಆಚಾರಿ ಕಬ್ಬಿಣ ಕಾಯಿಸಿ ಯಾವುದರ ಮೇಲೆ ಇಟ್ಟು ಬಡಿಯುತ್ತಾನೋ ಅದು. ಆಯಿಗೆ ಹೇಳಿ, ಮೆಟ್ಟುಗತ್ತಿ ಹುಟ್ಟುವ ಜಾಗ ಅಂತ.

ಹೊಸಬ_ಇಲ್ಲಿ
ನಮಸ್ಕಾರ, ನಾಳೆ ಕುಮಟಾದಿಂದ ಶಿರಸಿಗೆ ಬರಬೇಕು. ದೇವಿಮನೆ ಘಟ್ಟ ಓಪನ್ ಇದೆಯಾ?

ಬಡಾಯಿ_ಬೇಡ (ಕುಮಟಾ)
ಕೊಲೆ ಕೇಸ್ ನಡೆಯುತ್ತಿದೆ ಇಲ್ಲಿ, ರಸ್ತೆ ಕೇಳುತ್ತೀರಲ್ಲ ಮಾರಾಯ್ರೆ. ಬೆಳಿಗ್ಗೆ ಬಸ್‌ಸ್ಟ್ಯಾಂಡ್‌ನಲ್ಲಿ ವಿಚಾರಿಸಿಕೊಂಡು ಹೊರಡಿ.